ಮಾನಿಟರನ್ನು ಕಳುಹಿಸಿದ ಕಂಪ್ಯೂಟರ್

ಒಂದು ರೇಡಿಯೊ ನಿಲಯದಲ್ಲಿ ಹಗಲಿರುಳೂ ತಾನಾಗಿಯೇ ಹಾಡು ಬಿತ್ತರಿಸುವ ಲಿನಕ್ಸ್ ಕಂಪ್ಯೂಟರ್ ಒಂದಿತ್ತು. ತನ್ನ ಹಾಡು ಎಂದೂ ನಿಂತಿಲ್ಲವೆಂಬುದೇ ಅದರ ಹೆಮ್ಮೆ. ಎಂಜಿನಿಯರ್ ಐರಿನಮ್ಮನವರು ಮನೆಯಲ್ಲಿ ಕುಳಿತೇ ಅದನ್ನು ನಡೆಸುವ ವ್ಯವಸ್ಥೆ ಮಾಡಿಕೊಂಡ ಮೇಲಂತೂ ಅದಕ್ಕೆ ಕೋಡು ಮೂಡಿತು.

"ಅಜ್ಜ, ಅಮ್ಮನವರು ಇನ್ನು ನನ್ನನ್ನು ಮನೆಯಿಂದಲೇ ನೋಡುತ್ತಾರೆ. ನಿನಗೆ ಇಲ್ಲಿ ಇನ್ನೇನು ಕೆಲಸ?" ಎಂದು ಅದು ಹಳೆಯ ಮಾನಿಟರನ್ನು ಕೇಳಿತು.

"ನಾನು ಜೊತೆಗಿದ್ದರೆ ತಾನೇ ನಿನ್ನಲ್ಲಿ ಚಿತ್ರ ಮೂಡುವುದು, ಮಗು?"

"ಬೇಡವಾದವರೆಲ್ಲ ಹೀಗೇ ಹೇಳುವುದು!"

ಮಾನಿಟರ್ ತಂತಿ ಕಳಚಿಕೊಂಡು ಉಗ್ರಾಣ ಸೇರಿತು.

ಭಾನುವಾರ, ನಿಲಯದಲ್ಲಿ ಯಾರೂ ಇಲ್ಲದಾಗ, ಕರೆಂಟು ಹೋಗಿ ಬಂತು. ಕಂಪ್ಯೂಟರ್ ಹೊಸದಾಗಿ ಎದ್ದು ಮಾನಿಟರಿಗಾಗಿ ತಡಕಾಡಿತು. ಅದು ಸಿಗದೆ ಚಿತ್ರ ಮೂಡಲಿಲ್ಲ, ಚಿತ್ರ ಮೂಡಿದ ಮೇಲೆಯೇ ಶುರುವಾಗುವ ಹಾಡೂ ಹೊರಡಲಿಲ್ಲ. ಮನೆಯಿಂದ ನೋಡಿದ ಐರಿನಮ್ಮನವರಿಗೆ ಕಂಡದ್ದು ಬರೀ ಕತ್ತಲೆ. "ಏನಾಯಿತೋ ನಿನಗೆ?" ಎಂದು ಅವರು ಮತ್ತೆ ಮತ್ತೆ ಕೇಳಿದರು. ಅದು ಏನನ್ನೂ ತೋರಿಸಲಾರದೆ ಹೋಯಿತು. ಊರಿನ ರೇಡಿಯೊಗಳೆಲ್ಲ ಮೌನವಾದವು.

"ಅಜ್ಜಾ, ತಪ್ಪಾಯಿತು, ಬಂದುಬಿಡು!" ಎಂದು ಕಂಪ್ಯೂಟರ್ ಕೂಗಿತು.

"ಬರುತ್ತಿದ್ದೆ, ಮಗು," ಎಂದಿತು ಉಗ್ರಾಣದ ಒಳಗಿನ ದನಿ. "ಹೊರಗಿನಿಂದ ಬೀಗ ಹಾಕಿದ್ದಾರೆ."