ಮುಳ್ಳು ಬಿಡಿಸುವ ಕೈ

"ಗುರುಗಳೇ, ಏನು ಕೊಟ್ಟರೂ ಬೇಡ ಎನ್ನುವವರಿಗೆ ಏನು ಕೊಡಬೇಕು?"

ಕೇಳಿದವನು ಹೆರಿಯಣ್ಣ. ಹೊಳೆ ದಾಟುವ ಕಡವಿನ ಪಕ್ಕದ ಆ ಸಣ್ಣ ಮಠಕ್ಕೆ ಅವನು ಬಂದು ಆರು ವರ್ಷವಾಗಿತ್ತು. ತಾಯಿ ಇಲ್ಲದ ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅತ್ತಿಗೆ ಮುತ್ತಕ್ಕ. ವರ್ಷಕ್ಕೊಮ್ಮೆ ಆಚೆ ದಡಕ್ಕೆ ಹೋಗಿ ಅವಳನ್ನು ನೋಡಿಬರಲು ಗುರುಗಳು ಅಪ್ಪಣೆ ಕೊಡುತ್ತಿದ್ದರು. ಆ ಬೆಳಿಗ್ಗೆ ಅವನು ಹೊರಟು ನಿಂತಿದ್ದ. ಹೆಗಲಿಗೆ ಎರಡು ಗಂಟು ಇದ್ದವು.

"ಹೋದ ವರ್ಷ ಕಂಬಳಿ ಒಯ್ದೆ, ಪೆಟ್ಟಿಗೆಯಲ್ಲಿಟ್ಟಳು. ಅದರ ಹಿಂದಿನ ವರ್ಷ ಸೀರೆ. ಅದೂ ಪೆಟ್ಟಿಗೆಗೇ ಹೋಯಿತು. ಈ ಸಲ ಭಕ್ತರೊಬ್ಬರು ಕೊಟ್ಟ ಶಾಲು ಇದೆ. 'ನನಗ್ಯಾಕಪ್ಪಾ ಇದೆಲ್ಲ' ಎನ್ನುತ್ತಾಳೆ, ಅಷ್ಟೇ. ಅವಳ ಮುಖ ಅರಳಿದ್ದನ್ನು ನೋಡಿ ಎಷ್ಟು ಕಾಲವಾಯಿತೋ. ಪ್ರತಿ ಸಲ ಮನಸ್ಸು ಭಾರ ಮಾಡಿಕೊಂಡೇ ವಾಪಸು ಬರುತ್ತೇನೆ."

"ಆ ಇನ್ನೊಂದು ಗಂಟು ಏನು?" ಎಂದರು ಗುರುಗಳು.

"ಬುತ್ತಿ. ಪ್ರತಿ ಸಲವೂ ದೋಣಿಯಲ್ಲೇ ಉಂಡು ಹೋಗುತ್ತೇನೆ. ಈ ವಯಸ್ಸಿನಲ್ಲಿ ಅವಳಿಗೆ ಒಲೆ ಮುಂದೆ ಕೂರುವ ಕಷ್ಟ ಯಾಕೆ ಎಂದು."

"ಬುದ್ಧಿವಂತ," ಎಂದರು ಗುರುಗಳು. ಹೊಗಳಿದರೋ ಚುಚ್ಚಿದರೋ ಹೆರಿಯಣ್ಣನಿಗೆ ತಿಳಿಯಲಿಲ್ಲ. "ದೋಣಿ ಇನ್ನೂ ಆಚೆ ದಡದಲ್ಲಿದೆ. ಕೂತುಕೋ. ಒಬ್ಬ ವ್ಯಾಪಾರಿಯ ಕತೆ ಹೇಳುತ್ತೇನೆ. ಕತೆಯ ತುಂಬ ಮೀನಿದೆ, ಮೂಗು ಮುಚ್ಚಿಕೊಳ್ಳಬೇಡ. ನೀನೂ ಕಡಲ ದಂಡೆಯಲ್ಲೇ ಹುಟ್ಟಿದವನು."

ಹೆರಿಯಣ್ಣ ಜಗಲಿಯ ಅಂಚಿನಲ್ಲಿ ಕೂತ. ಗುರುಗಳು ಹೇಳಿದ ಕತೆ ಇದು.

ಒಬ್ಬ ವ್ಯಾಪಾರಿ ಇದ್ದ. ಮೊದಲು ಹಗ್ಗ ಮಾರಿದ, ಆಮೇಲೆ ಬಲೆ ಮಾರಿದ, ಕೊನೆಗೆ ದೋಣಿಯ ಎಂಜಿನ್ ಮಾರಿ ಪೇಟೆಯಲ್ಲಿ ಮೂರಂತಸ್ತಿನ ಮನೆ ಕಟ್ಟಿದ. ಅವನಿಗೆ ಒಬ್ಬಳು ಅಕ್ಕ, ಅವನಿಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಅವನಿಗೆ ಎರಡು ತುಂಬುವ ಮೊದಲೇ ತಾಯಿ ತೀರಿಹೋದಳು. ಅಂದಿನಿಂದ ಎತ್ತಿದವಳು, ತೊಳೆದವಳು, ಉಣಿಸಿದವಳು ಎಲ್ಲ ಅಕ್ಕನೇ. ಅವನಿಗಾಗಿಯೇ ಅವಳು ಮದುವೆ ಆಗಲಿಲ್ಲ ಎಂದು ಊರವರು ಹೇಳುತ್ತಿದ್ದರು. ಅವಳು ಮಾತ್ರ ಒಂದು ದಿನವೂ ಹಾಗೆ ಹೇಳಲಿಲ್ಲ.

ಅಕ್ಕನಿಗೆ ಕಣ್ಣು ಮಂಜಾಯಿತು. ವ್ಯಾಪಾರಿ ಅವಳನ್ನು ತನ್ನ ಮನೆಗೇ ಕರೆತಂದ. ಅಲ್ಲಿ ಅಡುಗೆಗೆ ಒಬ್ಬರು, ಬಡಿಸಲು ಒಬ್ಬರು. ಅಕ್ಕ ಒಲೆಯ ಕಡೆ ಹೆಜ್ಜೆ ಇಟ್ಟರೆ ಸಾಕು, "ನೀವು ಕೂತುಕೊಳ್ಳಿ ಅಮ್ಮಾ" ಎಂದು ಓಡಿ ಬರುತ್ತಿದ್ದರು. ಅವಳು ಕೂತಳು. ಕೂತು ಕೂತು ಬಡಕಲಾದಳು. ಊಟಕ್ಕೆ ಕರೆದರೆ ಎರಡು ತುತ್ತು, ಆಮೇಲೆ "ಸಾಕು". ವೈದ್ಯರು ಬಂದು ನೋಡಿದರು. "ಕಾಯಿಲೆ ಏನೂ ಇಲ್ಲ. ಆದರೆ ಹೀಗೆ ಉಣ್ಣದೇ ಇದ್ದರೆ ಈ ಮಳೆಗಾಲ ದಾಟುವುದು ಕಷ್ಟ" ಎಂದರು.

ವ್ಯಾಪಾರಿಗೆ ಹೆಂಡತಿ ಮಕ್ಕಳು ಎಲ್ಲ ಇದ್ದರು. ಆದರೆ ಅವನನ್ನು "ತಮ್ಮಾ" ಎಂದು ಕರೆಯುವ ಬಾಯಿ ಲೋಕದಲ್ಲಿ ಅದೊಂದೇ ಉಳಿದಿತ್ತು.

ಅವನಿಗೆ ಹಳೆಯದೆಲ್ಲ ನೆನಪಿಗೆ ಬಂತು. ಸೋಗೆಯ ಮನೆ. ಸಂಜೆ ಹೊತ್ತಿಗೆ ಹಾಸಿದ ಚಾಪೆ. ಇಬ್ಬರ ನಡುವೆ ಒಂದೇ ಬಟ್ಟಲು. ಅದರಲ್ಲಿ ಕುಚ್ಚಲಕ್ಕಿ ಅನ್ನ, ಮೇಲೆ ಬೂತಾಯಿ ಸಾರು. ಬೂತಾಯಿ ನಿನಗೆ ಗೊತ್ತಲ್ಲ, ಬಡವರ ಮೀನು, ಮೈಯೆಲ್ಲ ಕೂದಲಿನಂಥ ಮುಳ್ಳು. ಅಕ್ಕ ಬೆರಳ ತುದಿಯಿಂದ ಒಂದೊಂದೇ ಮುಳ್ಳು ಬಿಡಿಸಿ ಬಟ್ಟಲಿನ ಅಂಚಿಗೆ ಅಂಟಿಸುತ್ತಿದ್ದಳು. ಅನ್ನದಲ್ಲಿ ಕಲಸಿ "ಬಾಯಿ ತೆರೆ" ಎನ್ನುತ್ತಿದ್ದಳು. ಮೀನು ಬಾಯಲ್ಲಿರುವಾಗ ಮಾತಾಡಬಾರದು ಎಂಬುದು ಆ ಮನೆಯ ಕಟ್ಟಳೆ. ಹೊರಗೆ ಕಡಲಿನ ಸದ್ದು, ಒಳಗೆ ಅವನು ಅಗಿಯುವ ಸದ್ದು, ಅಷ್ಟೇ. ಕೊನೆಗೆ ಅಕ್ಕ ಒಂದು ಮಾತು ಹೇಳುತ್ತಿದ್ದಳು: "ಅಬ್ಬ, ಹೊಟ್ಟೆ ತುಂಬಿತು."

ಆ ಮಾತು ಹೇಳುವಾಗ ಅವಳು ತನ್ನ ಅಂಗೈಯನ್ನು ತಮ್ಮನ ಹೊಟ್ಟೆಯ ಮೇಲಿಟ್ಟು ನೋಡುತ್ತಿದ್ದಳು. ತಾನು ಉಣ್ಣಲು ಕೂರುತ್ತಿದ್ದದ್ದು ಅದಾದ ಮೇಲೆ. ವ್ಯಾಪಾರಿಗೆ ಮಾತು ನೆನಪಿತ್ತು, ಅಂಗೈ ಮರೆತುಹೋಗಿತ್ತು. ನಮ್ಮ ನೆನಪುಗಳೇ ಹಾಗೆ ಮಾರಾಯ, ನಮಗೆ ಬೇಕಾದಷ್ಟನ್ನೇ ಇಟ್ಟುಕೊಂಡಿರುತ್ತವೆ.

ಆ ಮಾತನ್ನು ಅವಳ ಬಾಯಿಂದ ಇನ್ನೊಮ್ಮೆ ಕೇಳಬೇಕು ಎಂದು ವ್ಯಾಪಾರಿ ಹಟ ತೊಟ್ಟ. ಅಕ್ಕನಿಗೆ ಒಳ್ಳೆಯ ಮೀನು ಬೇಕಾಗಿದೆ ಎಂದುಕೊಂಡ. ಜೀವಮಾನವಿಡೀ ಬೂತಾಯಿ ತಿಂದವಳು, ಈಗಲಾದರೂ ಸಾಹುಕಾರರ ಮೀನು ಅಂಜಲ್ ತಿನ್ನಲಿ. ಕಣ್ಣು ಕಾಣದವಳು, ಮುಳ್ಳಿಲ್ಲದ್ದನ್ನು ತಿನ್ನಲಿ. ಯಾರಿಗಾದರೂ ಹಾಗೇ ಅನ್ನಿಸೀತು, ಅವನನ್ನು ಬೈಯಬೇಡ.

ಪೇಟೆಯಲ್ಲಿ ಮೀನಿನೂಟಕ್ಕೆಂದೇ ಹೆಸರಾದ ದೊಡ್ಡ ದೊಡ್ಡ ಹೋಟೆಲುಗಳಿದ್ದವು. ವ್ಯಾಪಾರಿ ವಾರಕ್ಕೊಂದರಂತೆ ಅಕ್ಕನನ್ನು ಅಲ್ಲಿಗೆ ಕರೆದೊಯ್ದ. ಅವನಿಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಬೀಳಬೇಕು. ಹಾಗಾಗಿ ಮನೆಯಲ್ಲೇ ಎರಡು ಚಪಾತಿ ತಿಂದು, ಕೈ ತೊಳೆದು, ಆಮೇಲೆ ಅಕ್ಕನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಡುತ್ತಿದ್ದ. ಹೋಟೆಲಿನಲ್ಲಿ ಅವಳ ಎದುರು ಗಲ್ಲಕ್ಕೆ ಕೈ ಕೊಟ್ಟು ಕೂತು ಅವಳ ಬಾಯನ್ನೇ ನೋಡುತ್ತಿದ್ದ.

ಮೊದಲನೆಯ ಹೋಟೆಲು ಗುಡ್ಡದ ಮೇಲಿತ್ತು. ಮೇಜಿಗೆ ಬಿಳಿ ಬಟ್ಟೆ. ತಟ್ಟೆಯ ಮುಚ್ಚಳ ತೆಗೆದರೆ ಹೊಗೆ. ಹೊಗೆ ಹೋದ ಮೇಲೆ ನೋಡಿದರೆ ಮೊರದಗಲದ ತಟ್ಟೆಯ ನಡುವೆ ಬೆರಳುದ್ದದ ಮೀನು, ಅದರ ಮೇಲೊಂದು ಹೂವು. ಅಕ್ಕ ತಡವಿ ನೋಡಿ, "ಇದನ್ನು ಮುಡಿಯುವುದೋ, ತಿನ್ನುವುದೋ?" ಎಂದಳು. ಎರಡು ತುತ್ತು ತಿಂದಳು. "ಚೆನ್ನಾಗಿದೆ ತಮ್ಮಾ" ಎಂದು ತಟ್ಟೆ ಸರಿಸಿದಳು.

ಎರಡನೆಯದರಲ್ಲಿ ಗಾಜಿನ ತೊಟ್ಟಿ ಇತ್ತು. ಜೀವಂತ ಮೀನನ್ನು ಬೆರಳು ಮಾಡಿ ತೋರಿಸಿದರೆ ಅದನ್ನೇ ಹಿಡಿದು ಅಡುಗೆ ಮಾಡುತ್ತಿದ್ದರು. ತೊಟ್ಟಿ ಎಷ್ಟು ದೊಡ್ಡದು, ಮೀನಿಗೆ ಹೊತ್ತು ಹೊತ್ತಿಗೆ ಹೇಗೆ ತಿನ್ನಲು ಹಾಕುತ್ತಾರೆ ಎಂದೆಲ್ಲ ತಮ್ಮ ಬಾಯ್ತುಂಬ ಹೇಳಿದ. "ಪಾಪ, ಅದಕ್ಕೂ ಇದ್ದಲ್ಲಿಗೇ ಊಟ ಬರುತ್ತದೆ" ಎಂದಳು ಅಕ್ಕ. ಅಲ್ಲೂ ಎರಡೇ ತುತ್ತು.

ಮೂರನೆಯದರಲ್ಲಿ ಉದ್ದ ಟೋಪಿಯ ಅಡುಗೆಯವನೇ ಮೇಜಿನ ಹತ್ತಿರ ಬಂದ. ಮೀನು ಯಾವ ಕಡಲಿನದು, ಬೆಣ್ಣೆ ಯಾವ ದೇಶದ್ದು ಎಂದು ವಿವರಿಸಿದ. ಅವನ ವಿವರಣೆ ಮುಗಿಯುವ ಹೊತ್ತಿಗೆ ಮೀನು ಆರಿ ತಣ್ಣಗಾಗಿತ್ತು. ವ್ಯಾಪಾರಿ ಅವನನ್ನು ಹಿಗ್ಗಾಮುಗ್ಗಾ ಬೈದ. ಬಿಸಿ ಮಾಡಿ ತಂದದ್ದೂ ಎರಡೇ ತುತ್ತಿಗೆ ಮುಗಿಯಿತು.

ಇಷ್ಟು ಕೇಳಿದಾಗ ಹೆರಿಯಣ್ಣನಿಗೆ ತಡೆಯಲಾಗಲಿಲ್ಲ. "ಅಷ್ಟು ದೊಡ್ಡ ಹೋಟೆಲಿನಲ್ಲೂ ರುಚಿ ಇಲ್ಲವೇ ಗುರುಗಳೇ?" ಎಂದ.

"ಅಡುಗೆಯವರ ಮೇಲೆ ಯಾಕಯ್ಯಾ ತಪ್ಪು ಹೊರಿಸುತ್ತೀ? ಮೀನು ಚೆನ್ನಾಗಿಯೇ ಇತ್ತು. ಅಕ್ಕ ಸುಳ್ಳು ಹೇಳುವವಳಲ್ಲ," ಎಂದು ಗುರುಗಳು ಮುಂದುವರಿಸಿದರು.

ಮಳೆಗಾಲ ಹತ್ತಿರ ಬಂತು. ದೋಣಿಗಳನ್ನು ದಡಕ್ಕೆ ಎಳೆದಿಟ್ಟರು. ಅಕ್ಕನ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ವ್ಯಾಪಾರಿ ಕೊನೆಯದೊಂದು ಪ್ರಯತ್ನ ಎಂದು ಕಡಲಿಗೆ ಮುಖ ಮಾಡಿದ್ದ ಹೋಟೆಲೊಂದರಲ್ಲಿ ಹತ್ತು ದಿನ ಮೊದಲೇ ಮೇಜು ಹೇಳಿಟ್ಟ. ಇಡೀ ಪೇಟೆಯಲ್ಲಿ ಅದರ ಸಮಕ್ಕೆ ಇನ್ನೊಂದಿರಲಿಲ್ಲ. ಆ ದಿನ ಅಂಗಡಿಗೆ ಬರಬೇಕಿದ್ದ ಎಂಜಿನ್ ಲಾರಿ ದಾರಿಯಲ್ಲಿ ಕೆಟ್ಟು ನಿಂತಿತು. ಅದರ ಹಿಂದೆ ಓಡಾಡಿ ವ್ಯಾಪಾರಿ ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲ. ಮನೆಗೆ ಬಂದವನೇ ನಿಂತ ಕಾಲಲ್ಲಿ ಅಕ್ಕನನ್ನು ಕರೆದುಕೊಂಡು ಹೊರಟ.

ಅಂಜಲ್ ಬಂತು. "ಒಂದು ಮುಳ್ಳೂ ಇಲ್ಲ, ಗ್ಯಾರಂಟಿ" ಎಂದ ಬಡಿಸುವವನು. ಅಕ್ಕ ಎರಡು ತುತ್ತು ತಿಂದಳು. "ಚೆನ್ನಾಗಿದೆ ತಮ್ಮಾ" ಎಂದು ತಟ್ಟೆ ಸರಿಸಿದಳು.

ವ್ಯಾಪಾರಿಗೆ ಎಲ್ಲಿತ್ತೋ ಸಿಟ್ಟು. "ಏನು ಚೆನ್ನಾಗಿದೆ ಅಕ್ಕಾ? ಚೆನ್ನಾಗಿದ್ದರೆ ಯಾಕೆ ತಿನ್ನುವುದಿಲ್ಲ? ನನ್ನನ್ನು ಒಂಟಿ ಮಾಡಿ ಹೋಗಬೇಕೆಂದೇ ಇದ್ದೀಯಾ?" ಎಂದು ಕೂಗಿದ. ಆಚೀಚೆಯ ಮೇಜಿನವರು ತಿರುಗಿ ನೋಡಿದರು. ಅವನು ಅವಳ ತಟ್ಟೆಗೇ ಕೈ ಹಾಕಿ, ಒಂದು ಹಿಡಿ ಮೀನು ಬಾಯಿಗೆ ತುರುಕಿಕೊಂಡ. ಅರ್ಧ ಹಸಿವು, ಅರ್ಧ ಕೋಪ. ಮೀನು ಬಾಯಲ್ಲಿರುವಾಗಲೇ ಇನ್ನೂ ಏನೋ ಹೇಳಲು ಹೋದ. ಗ್ಯಾರಂಟಿ ಕೊಟ್ಟ ಮೀನಿನಲ್ಲಿ ಉಳಿದಿದ್ದ ಮುಳ್ಳು ಗಂಟಲಿಗೆ ಚುಚ್ಚಿ ನಿಂತಿತು.

ಮುಖ ಕೆಂಪಾಯಿತು. ಕೆಮ್ಮಿದರೆ ಬರಲಿಲ್ಲ, ನೀರು ಕುಡಿದರೆ ಇಳಿಯಲಿಲ್ಲ. ಮ್ಯಾನೇಜರ್ ಓಡಿ ಬಂದ. ಒಬ್ಬರು ಆಂಬುಲೆನ್ಸ್ ಎಂದರು, ಇನ್ನೊಬ್ಬರು ಬಾಳೆಹಣ್ಣು ಎಂದರು. ಅಕ್ಕ ಎದ್ದು ನಿಂತಳು. ತಮ್ಮನ ಮನೆಗೆ ಬಂದ ಮೇಲೆ ಅವಳ ದನಿ ಅಷ್ಟು ಗಟ್ಟಿಯಾಗಿ ಕೇಳಿದ್ದು ಅದೇ ಮೊದಲು.

"ಅನ್ನ ತನ್ನಿ. ಬರೀ ಅನ್ನ."

"ಅಮ್ಮಾ, ನಮ್ಮ ಹೋಟೆಲಿನಲ್ಲಿ ಬರೀ ಅನ್ನ ಇರುವುದಿಲ್ಲ," ಎಂದ ಮ್ಯಾನೇಜರ್.

"ಹಾಗಾದರೆ ನೀವೆಲ್ಲ ಏನು ಉಣ್ಣುತ್ತೀರಿ?"

ಮ್ಯಾನೇಜರ್ ಒಳಗೆ ಓಡಿದ. ಕೆಲಸದವರಿಗೆಂದು ಬೇಯಿಸಿಟ್ಟ ಕುಚ್ಚಲಕ್ಕಿ ಅನ್ನ ಪಾತ್ರೆ ಸಮೇತ ಬಿಳಿ ಬಟ್ಟೆಯ ಮೇಲೆ ಬಂದು ಕೂತಿತು. ಅಕ್ಕ ಅನ್ನವನ್ನು ಹಿಚುಕಿ ಉಂಡೆ ಕಟ್ಟಿದಳು. "ಅಗಿಯಬೇಡ, ನುಂಗು" ಎಂದು ತಮ್ಮನ ಬಾಯಿಗಿಟ್ಟು ಬೆನ್ನಿಗೆ ಒಂದು ಗುದ್ದು ಹಾಕಿದಳು. ಮೂರನೆಯ ಉಂಡೆಗೆ ಮುಳ್ಳು ಇಳಿದುಹೋಯಿತು.

ವ್ಯಾಪಾರಿ ಉಸಿರು ಬಿಟ್ಟ. ಮ್ಯಾನೇಜರ್ ನೂರು ಸಲ ಕ್ಷಮೆ ಕೇಳಿ, ಬೇರೆ ಮೀನು ತರುತ್ತೇನೆ ಎಂದು ತಟ್ಟೆ ಎತ್ತಲು ಹೋದ.

"ಇರಲಿ ಅಲ್ಲೇ," ಎಂದಳು ಅಕ್ಕ. ಕೂತು ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು. ಬೆರಳುಗಳು ಮೀನಿನೊಳಗೆ ಇಳಿದವು. ಆ ಕೆಲಸಕ್ಕೆ ಅವಳಿಗೆ ಕಣ್ಣು ಎಂದೂ ಬೇಕಾಗಿರಲಿಲ್ಲ. ಒಂದು ಮುಳ್ಳು ಸಿಕ್ಕಿತು, ಮತ್ತೊಂದು ಸಿಕ್ಕಿತು. ಅವನ್ನು ತಟ್ಟೆಯ ಅಂಚಿಗೆ ಅಂಟಿಸಿದಳು. ಮೀನನ್ನು ಅನ್ನದಲ್ಲಿ ಕಲಸಿದಳು.

"ಬಾಯಿ ತೆರೆ," ಎಂದಳು.

ವ್ಯಾಪಾರಿಗೆ ಐವತ್ತಾರು ವರ್ಷ. ಸುತ್ತ ಕೂತವರಲ್ಲಿ ಅರ್ಧ ಜನ ಅವನ ಗುರುತಿನವರು. ಒಂದು ಗಳಿಗೆ ನಾಚಿಕೆಯಾಯಿತು. ಆದರೆ ಹಸಿವಾಗಿತ್ತು. ಬಾಯಿ ತೆರೆದ.

ಅಕ್ಕ ಒಂದೊಂದೇ ತುತ್ತು ಕೊಟ್ಟಳು. ಅವನು ತಿಂದ. ಕಣ್ಣೀರು ಸುರಿಯುತ್ತಿತ್ತು, ತಿಂದ. ಮೀನು ಬಾಯಲ್ಲಿದ್ದುದರಿಂದ ಇಬ್ಬರೂ ಮಾತಾಡಲಿಲ್ಲ. ಕಿಟಕಿಯಾಚೆ ಕಡಲಿನ ಸದ್ದು ಕೇಳುತ್ತಿತ್ತು. ಪಾತ್ರೆಯ ಅನ್ನ ಅರ್ಧಕ್ಕೆ ಬಂದಾಗ ಅಕ್ಕ ಕೈ ನಿಲ್ಲಿಸಿದಳು. ಎಡ ಅಂಗೈಯನ್ನು ತಮ್ಮನ ಡೊಳ್ಳುಹೊಟ್ಟೆಯ ಮೇಲಿಟ್ಟು ನೋಡಿದಳು.

"ಅಬ್ಬ, ಹೊಟ್ಟೆ ತುಂಬಿತು," ಎಂದಳು. ಆಮೇಲೆ ಬಡಿಸುವವನ ಕಡೆ ಮುಖ ತಿರುಗಿಸಿ, "ಇನ್ನು ನನಗೆ ಬಡಿಸಪ್ಪಾ. ಎಂಥ ಹಸಿವು!" ಎಂದಳು.

ಪಾತ್ರೆಯಲ್ಲಿ ಉಳಿದದ್ದನ್ನೆಲ್ಲ ಅವಳು ಬಳಿದು ಉಂಡಳು. ಆ ಮಳೆಗಾಲ ದಾಟಿದಳು. ಅದರಾಚೆಗೆ ಇನ್ನೂ ಏಳು ಮಳೆಗಾಲ ದಾಟಿದಳು. ವ್ಯಾಪಾರಿಯ ಮನೆಗೆ ಮತ್ತೆ ಬೂತಾಯಿ ಬರತೊಡಗಿತು.

ಗುರುಗಳು ಇಲ್ಲಿಗೆ ಕತೆ ಮುಗಿಸಿದರು. ಹೆರಿಯಣ್ಣ ಹೊಳೆಯ ಕಡೆ ನೋಡುತ್ತಿದ್ದ. ಅತ್ತಿಗೆಯ ಅಡುಗೆಮನೆ ಕಣ್ಣಿಗೆ ಕಟ್ಟಿತು. ಗೋಡೆಗೆ ಒರಗಿಸಿಟ್ಟ ಅವನ ಮಣೆ, ಶಾಲೆಯಿಂದ ಬರುವಾಗ ಮುಚ್ಚಿಟ್ಟಿರುತ್ತಿದ್ದ ಗಂಜಿ, "ಇನ್ನೊಂದು ಸೌಟು ಹಾಕಲೇನೋ" ಎಂದು ಬಾಗುತ್ತಿದ್ದ ಅವಳ ಮುಖ. ಮಠಕ್ಕೆ ಬಂದ ಮೇಲೆ ಆ ಮಣೆಯ ಮೇಲೆ ಕೂತಿದ್ದು ನೆನಪಾಗಲಿಲ್ಲ.

ದೋಣಿ ಈಚೆ ದಡಕ್ಕೆ ಬಂತು. ಅಂಬಿಗ ಕೂಗು ಹಾಕಿದ. ಹೆರಿಯಣ್ಣ ಎದ್ದು ಗುರುಗಳ ಕಾಲಿಗೆ ನಮಸ್ಕರಿಸಿ ಎರಡೂ ಗಂಟುಗಳನ್ನು ಹೆಗಲಿಗೇರಿಸಿದ.

"ಹಾಗಾದರೆ ಈ ಶಾಲು ಒಯ್ಯುವುದು ಬೇಡವೇ ಗುರುಗಳೇ?" ಎಂದ.

"ಶಾಲು ಇರಲಿ, ಆ ಬುತ್ತಿಯನ್ನು ಇಲ್ಲೇ ಇಟ್ಟು ಹೋಗು."