ಅಧ್ಯಕ್ಷೆಯ ಗಂಡ

ಕೋಳಿಗಳ ಪಂಚಾಯಿತಿಗೆ ಕೆಂಚಿ ಎಂಬ ಹೇಂಟೆ ಅಧ್ಯಕ್ಷೆಯಾಗಿ ಗೆದ್ದಳು. ಮೊದಲ ಸಭೆಯ ದಿನ ಅವಳ ಕುರ್ಚಿಯಲ್ಲಿ ಅವಳ ಗಂಡ ಹುಂಜ ಕೂತಿದ್ದ.

"ನೀವ್ಯಾಕೆ ಇಲ್ಲಿ, ಯಜಮಾನ್ರೇ?" ಎಂದು ಹೇಂಟೆಗಳ ಸಂಘದವರು ಕೇಳಿದರು.

"ಅವಳು ಮೊಟ್ಟೆಗೆ ಕಾವು ಕೊಡುತ್ತಿದ್ದಾಳೆ. ಅವಳ ಕೆಲಸ ಅವಳು ಮಾಡಿದರೇನು, ನಾನು ಮಾಡಿದರೇನು? ಗಂಡ ಹೆಂಡತಿ ಇಬ್ಬರೂ ಒಂದೇ."

"ಬಹಳ ಸಂತೋಷ. ಹಾಗಾದರೆ ಅವಳ ಇನ್ನೊಂದು ಕೆಲಸವನ್ನೂ ಮಾಡಿ."

ಸಂಘದವರು ಅವನನ್ನು ಕುಕ್ಕಿ ಕುಕ್ಕಿ ಎಬ್ಬಿಸಿ, ಮೊಟ್ಟೆಗಳ ಮೇಲೆ ಕೂರಿಸಿದರು. ಕೆಂಚಿ ಸಭೆಗೆ ಬಂದಳು.

ಮೊದಲ ವಿಷಯ ಮುಗಿಯುವ ಮುನ್ನವೇ ಹುಂಜ ಕೂಗಿದ: "ಏನೇ, ಕಾಲು ಜೋಮು ಹಿಡೀತು! ಇನ್ನೂ ಎಷ್ಟು ಹೊತ್ತು?"

"ಸಭೆಯಲ್ಲಿ 'ಅಧ್ಯಕ್ಷೆಯವರೇ' ಅನ್ನಬೇಕು," ಎಂದಳು ಕೆಂಚಿ. "ಮತ್ತೆ, ಏಳಬೇಡಿ. ಮೊಟ್ಟೆಗಳು ತಣ್ಣಗಾಗುತ್ತವೆ."