ಒಂದೂ ದೂರಿಲ್ಲದ ಪ್ಯಾಕೇಜು

ಕೇಳ್ರಪ್ಪಾ ಕೇಳಿ! ಎಂಥಾ ಮಗನ್ನ ಹೆತ್ತೆನಪ್ಪಾ ಅಂತ ದೇವೀರಮ್ಮ ಹಣೆ ಹಣೆ ಚಚ್ಚಿಕೊಂಡ ಕತೆ ಇದು. ಮಗನ ಹೆಸರು ಪುಟ್ಟಮಾದ. ಮೀಸೆ ಬಂದಿತ್ತು, ಬುದ್ಧಿ ಮಾತ್ರ ದಾರೀಲೇ ಎಲ್ಲೋ ಕೂತುಬಿಟ್ಟಿತ್ತು.

ದೇವೀರಮ್ಮ ಕಣ್ಣು ಕಾಣದ ಮಕ್ಕಳಿಗೆ ಪಾಠ ಹೇಳೋಳು. ಕಂಪ್ಯೂಟರ್ ಪರದೆ ಮೇಲಿರೋದನ್ನ ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳೋ ಒಂದು ಪ್ರೋಗ್ರಾಮು ಬರೆದಿದ್ದಳು. ಅದರ ಹೆಸರು ಓದುಗಿಳಿ. ಶಾಲೆ ಕಂಪ್ಯೂಟರಿಗೆಲ್ಲ ಹಾಕೋ ಲಿನಕ್ಸ್ ಅನ್ನೋ ಬಿಟ್ಟಿ ವ್ಯವಸ್ಥೆಯೊಳಗೆ ಅದು ಸೇರಬೇಕಿತ್ತು. ಶನಿವಾರದೊಳಗೆ ಕಂಪ್ಯೂಟರಿಗೆ ಹಾಕೋ ಹಂಗೆ ಗಂಟು ಮಾಡಿ, ಅಂದ್ರೆ ಪ್ಯಾಕೇಜು ಕಟ್ಟಿ, ಲಿನಕ್ಸಿನೋರಿಗೆ ಕಳಿಸಿದರೆ ಸರಿ, ಇಲ್ಲಾಂದ್ರೆ ಆ ಮಕ್ಕಳು ಯಾರಾದ್ರೂ ಓದಿ ಹೇಳಲಿ ಅಂತ ಇನ್ನೊಂದು ವರ್ಷ ಕಾಯಬೇಕು. ಅಂಥಾ ಹೊತ್ತಲ್ಲೇ ದೇವೀರಮ್ಮ ಜಾರಿ ಬಿದ್ದು ಕೈ ಮುರ್ಕೊಂಡಳು. ಇನ್ನು ಕಟ್ಟೋರು ಯಾರು? ನಮ್ಮ ಜಾಣಮರಿ!

"ಓದುಗಿಳೀನ ಪ್ಯಾಕೇಜು ಕಟ್ಟಿ ಕಳಿಸ್ಲಾ ಮಗಾ" ಅಂದಳು. ಕಳಿಸಿದ. ಹಾಕಿ ನೋಡಿದೋರಿಂದ ಬಂತು ದೂರು: "ಕೈಪಿಡಿ ಎಲ್ರೀ? ಇದನ್ನ ಹೆಂಗೆ ಬಳಸೋದು?"

"ಅಯ್ಯೋ ಮಂಕೇ! ಕೈಪಿಡಿ ಕಳಿಸಬೇಕು ಕಣ್ಲಾ!"

"ಆಗ್ಲವ್ವ!"

ಮತ್ತೆ ಕಟ್ಟಿದ. ಈ ಸಲ ಕೈಪಿಡಿ ಇತ್ತು. ಕಣ್ಣು ಕಾಣದ ಮಕ್ಕಳಿಗೆ ಬಣ್ಣದ ಚಿತ್ರ ಬೇರೆ ಹಾಕಿದ್ದ, ಪುಣ್ಯಾತ್ಮ! ಓದುಗಿಳಿ ಮಾತ್ರ ಇರಲಿಲ್ಲ. "ಬಟನ್ ಒತ್ತಿ ಅಂತ ಬರೆದಿದೆ, ಯಾವ ಬಟನ್ ಸ್ವಾಮೀ?" ಅಂತ ದೂರು ಬಂತು.

"ಥೂ ನಿನ್ನ! ಎರಡೂ ಇರಬೇಕು ಕಣ್ಲಾ! ಅದಿಲ್ಲದೆ ಇದು ಬ್ಯಾಡ, ಇದಿಲ್ಲದೆ ಅದು ಬ್ಯಾಡ! ತಿಳೀತಾ?"

"ತಿಳೀತವ್ವ!"

ತಿಳೀತಂತೆ! ಒಂದರಲ್ಲಿ ಓದುಗಿಳಿ, ಇನ್ನೊಂದರಲ್ಲಿ ಕೈಪಿಡಿ ಹಾಕಿ ಎರಡು ಪ್ಯಾಕೇಜು ಕಟ್ಟಿದ. ಕಂಪ್ಯೂಟರಿನೊಳಗೆ ಕೈಪಿಡಿ ಕೂತ ಮೇಲೇ ಓದುಗಿಳಿ ಕೂರಬೇಕು ಅಂತ ಮೊದಲನೇದರಲ್ಲಿ ಬರೆದ. ಓದುಗಿಳಿ ಕೂತ ಮೇಲೇ ಕೈಪಿಡಿ ಕೂರಬೇಕು ಅಂತ ಎರಡನೇದರಲ್ಲಿ ಬರೆದ. ಇನ್ನೇನು! ನೀವು ಮೊದಲು ಕೂತ್ಕೊಳ್ಳಿ, ಇಲ್ಲ ನೀವು ಮೊದಲು ಅಂತ ಮದುವೆ ಊಟಕ್ಕೆ ಬಂದ ಬೀಗರ ಹಂಗೆ ಎರಡೂ ನಿಂತೇ ಇದ್ದವು. ಒಂದು ಕಂಪ್ಯೂಟರಿನೊಳಕ್ಕೂ ಹೋಗಲಿಲ್ಲ. ದೂರಿನ ಮೇಲೆ ದೂರು ಬಿತ್ತು.

ಶನಿವಾರ ಬಂದೇ ಬಂತು. "ದೂರಿರೋ ಪ್ಯಾಕೇಜನ್ನ ಸೇರಿಸಲ್ಲ" ಅಂದರು ಲಿನಕ್ಸಿನೋರು. ಕೈಯ ಕಟ್ಟು ತೋರಿಸೋಕೆ ಆಸ್ಪತ್ರೆಗೆ ಹೊರಟಿದ್ದ ದೇವೀರಮ್ಮ ಬಾಗಿಲಲ್ಲೇ ನಿಂತು ಕಿರುಚಿದಳು: "ನಾ ಬರೋದ್ರೊಳಗೆ ಒಂದೇ ಒಂದು ದೂರೂ ಇರಕೂಡದು! ಏನಾದ್ರೂ ಮಾಡ್ಲಾ!"

"ಆಗ್ಲವ್ವ!"

ಸಂಜೆ ಬಂದು ನೋಡ್ತಾಳೆ, ಒಂದೂ ದೂರಿಲ್ಲ! "ನನ್ನಪ್ಪನೇ! ಹೆಂಗ್ಲಾ ಮಾಡ್ದೆ?" ಅಂತ ಮಗನ ಕೆನ್ನೆ ಸವರಿದಳು.

"ಓದುಗಿಳೀನೇ ತೆಗೆದುಹಾಕ್ಬುಟ್ಟೆ ಕಣವ್ವ! ಅದು ಇದ್ರೆ ತಾನೇ ದೂರು ಬರೋದು?"

ಲಿನಕ್ಸಿನೋರ ಪತ್ರಾನೂ ಬಂದಿತ್ತು: "ದೂರುಗಳನ್ನು ಇಷ್ಟು ಬೇಗ ಬಗೆಹರಿಸಿದವರು ನೀವೊಬ್ಬರೇ. ಅಭಿನಂದನೆಗಳು. ಈ ವರ್ಷದ ಬಾಗಿಲು ಮುಚ್ಚಿದೆ."

ದೇವೀರಮ್ಮ ಆ ಮಕ್ಕಳನ್ನ ನೆನೆಸಿಕೊಂಡು ಗೋಳೋ ಅಂತ ಅತ್ತಳು. ಮಗನ ಕರುಳು ಚುರುಕ್ ಅಂತು. "ಅಳಬ್ಯಾಡ ಕಣವ್ವ. ನಿಂದೇನು ದೂರು ಹೇಳು, ಅದನ್ನೂ ಹಂಗೇ ಬಗೆಹರಿಸ್ತೀನಿ!" ಅಂತ ಅಂಗಿ ತೋಳು ಏರಿಸಿಕೊಂಡು ಹತ್ತಿರ ಬಂದ.

ದೇವೀರಮ್ಮ ಚಪ್ಪಲಿ ಕೂಡ ಮೆಟ್ಟದೆ ಬೀದಿಗೆ ಓಡಿದಳು.